ಚಿಟ್ಟೆಯಲ್ಲ ಮಾರಾಯ್ರೆ, ಪತಂಗ!

ಹೊನ್ನಾವರದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ಮಳೆಗಾಲ ಮುಗಿಯುವಾಗ ಬಿ.ಪಿ. ಏರುತ್ತದೆ. ಅಟ್ಲಾಸ್ ಪತಂಗ ಕಾಣಿಸಿಕೊಳ್ಳುವ ಹೊತ್ತದು. ಊಟದ ತಟ್ಟೆಯಷ್ಟು ಅಗಲದ ಆ ಕಂದು ಪತಂಗವನ್ನು ಕಂಡವರೆಲ್ಲ "ದೊಡ್ಡ ಚಿಟ್ಟೆ" ಎನ್ನುತ್ತಾರೆ. ತಿದ್ದಲು ಹೋಗುತ್ತೇನೆ, ಮರ್ಯಾದೆ ಕಳೆದುಕೊಂಡು ಬರುತ್ತೇನೆ.

ನಾಡಿನ ಹೆಮ್ಮೆ

ರಾಜ್ಯೋತ್ಸವಕ್ಕೆ ನಮ್ಮ ಬೀದಿಯ ಸಂಘದವರು ಬ್ಯಾನರ್ ಕಟ್ಟಿದರು. ಮೇಲೆ "ನಮ್ಮ ನಾಡಿನ ಹೆಮ್ಮೆಯ ಚಿಟ್ಟೆ" ಎಂಬ ಅಕ್ಷರ, ಕೆಳಗೆ ಅಟ್ಲಾಸ್ ಪತಂಗದ ಫೋಟೋ! ಮೈಯೆಲ್ಲ ಉರಿಯಿತು. ಸೀದಾ ಅಧ್ಯಕ್ಷರ ಅಂಗಡಿಗೆ ಹೋದೆ.

"ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಕಪ್ಪು ರೆಕ್ಕೆ, ಅದರಲ್ಲಿ ಹಳದಿ, ಕುತ್ತಿಗೆಯ ಹತ್ತಿರ ಕೆಂಪು. ನಮ್ಮ ಬಾವುಟದ ಬಣ್ಣವೇ ಅದರಲ್ಲಿದೆ. ಇದು ಪತಂಗ!"

ಅವರು ತಲೆ ಕೆರೆದುಕೊಂಡರು. "ಈಗೆಂತ ಮಾಡುದು ಸರ್? ಬ್ಯಾನರ್ ಕಟ್ಟಿ ಆತು. ನೀವು ಓದಿದವ್ರು, ಸರ್ಕಾರಕ್ಕೆ ಒಂದು ಮಾತು ಹೇಳಿ. ಚಿಟ್ಟೆನೇ ಬದಲು ಮಾಡ್ಲಿ."

ಬಾಯಿಲ್ಲದ ನೆಂಟ

ಕತಗಾಲದ ಸಹೋದ್ಯೋಗಿಯ ಮನೆಗೆ ಹೋಗಿದ್ದೆ. ಕಿಟಕಿಯ ಪರದೆ ಮೇಲೆ ಅದೇ ಪತಂಗ. ಅವರ ತಾಯಿ ಅದರೆದುರು ತಟ್ಟೆಯಲ್ಲಿ ಬಾಳೆಹಣ್ಣು, ಬೆಲ್ಲ ಇಟ್ಟು ಉಪಚಾರ ಮಾಡುತ್ತಿದ್ದರು.

"ಅಮ್ಮಾ, ಹೂವಿನ ರಸ ಕುಡಿಯಲು ಇದು ಚಿಟ್ಟೆಯಲ್ಲ. ರೆಕ್ಕೆ ಬಂದ ಮೇಲೆ ಇದು ಏನನ್ನೂ ತಿನ್ನುವುದಿಲ್ಲ. ತಿನ್ನುವಂಥ ಬಾಯಿಯೇ ಇಲ್ಲ!" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ಅಯ್ಯೋ ಪಾಪ, ಬಾಯಿ ಇಲ್ಲೆ?" ಎಂದು ಮರುಗಿದ ಅವರು ತಟ್ಟೆಯನ್ನು ನನ್ನ ಕಡೆ ತಳ್ಳಿದರು. "ನಿಂಗಕ್ಕೆ ಬಾಯಿ ಬೇಕಾದಷ್ಟು ಇದ್ದು. ತಿನ್ನಿ."

ಕಾಯ್ಕಿಣಿಯ ಹಾವು

ಕಾಯ್ಕಿಣಿಯಿಂದ ಪರಿಚಯದವರ ಫೋನು: "ಸರ್, ಬಾವಿಕಟ್ಟೆ ಮೇಲೆ ಎರಡು ಹಾವು ತಲೆ ಎತ್ತಿದೆ. ಬೇಗ ಬನ್ನಿ."

ಹೋದರೆ ಕೇರಿಗೆ ಕೇರಿಯೇ ದೂರ ನಿಂತಿದೆ. ನೀರಿಗೆ ಬಂದ ಹೆಂಗಸರು ಕೊಡ ಬಿಟ್ಟು ಓಡಿದ್ದಾರೆ. ಕಟ್ಟೆಯ ಮೇಲೆ ರೆಕ್ಕೆ ಹರಡಿ ಕೂತಿದ್ದು ಅಟ್ಲಾಸ್! ನನಗೆ ತಡೆಯಲಾಗಲಿಲ್ಲ.

"ಹಾವೂ ಅಲ್ಲ, ಚಿಟ್ಟೆಯೂ ಅಲ್ಲ, ಪತಂಗ! ರೆಕ್ಕೆಯ ತುದಿ ಹಾವಿನ ತಲೆಯ ಹಾಗೆ ಕಾಣುತ್ತದೆ, ಅಷ್ಟೇ. ಹಕ್ಕಿಗಳನ್ನು ಹೆದರಿಸುವ ಉಪಾಯ. ನೀವೇನು ಹಕ್ಕಿಗಳಾ?" ಎಂದು ಗದರಿ, ಅದನ್ನು ಮೆಲ್ಲಗೆ ಕೈಗೆ ಹತ್ತಿಸಿಕೊಂಡೆ. "ಚಿಟ್ಟೆಯ ಮೀಸೆಯ ತುದಿ ಗುಂಡಗೆ. ಇದರದು ನೋಡಿ, ಗರಿಯ ಹಾಗೆ..."

ಜನ ಹತ್ತಿರ ಬಂದರು. ನಾನು ತೋರಿಸಲೆಂದು ಕೈ ಎತ್ತಿದ್ದೇ ತಡ, ಅದು ಪಟಪಟ ಬಡಿದು ನೇರ ನನ್ನ ಮುಖದ ಮೇಲೇ ಕೂತಿತು.

"ಹಾವು! ಹಾವು!" ಎಂದು ಕಿರುಚಿ ಓಡಿದೆ. ಕನ್ನಡಕ ಒಂದು ಕಡೆ, ಚಪ್ಪಲಿ ಒಂದು ಕಡೆ.

ಕೊಡ ಬಿಟ್ಟು ಓಡಿದ್ದ ಹೆಂಗಸೊಬ್ಬಳು ಹಿಂದಿನಿಂದ ಕೂಗಿ ಹೇಳಿದಳು: "ಹೆದರ್ಬೇಡಿ ಸರ್, ಅದು ಪತಂಗ! ನೀವೆಂತ ಹಕ್ಕಿಯಾ?"