ಎಕಂಬಾದ ನಾಲ್ಕಾಣೆ ಊಟ

ಪೊಲೀಸ್ ಆಕ್ಷನ್ ಮುಗಿದ ಮರುವರ್ಷ ಹೈದರಾಬಾದ್ ಸಂಸ್ಥಾನದಲ್ಲಿ ಹಸಿವಿಲ್ಲವೆಂದು ತೀರ್ಮಾನವಾಯಿತು. ಇದ್ದದ್ದು ತಿಳಿವಳಿಕೆಯ ಕೊರತೆ. ದಿನಕ್ಕೆ ನಾಲ್ಕಾಣೆಯಲ್ಲಿ ಬಡವರ ಮನೆಯೊಂದು ಹಾಲು, ಬೇಳೆ, ಕಾಯಿಪಲ್ಲೆ, ತುಪ್ಪದ ಸಮೇತ ಪುಷ್ಟಿಯಾಗಿ ಉಣ್ಣಬಹುದು, ಉಣ್ಣದಿದ್ದರೆ ಅದು ಅವರ ಹಟ ಎಂದು ಮಿತವ್ಯಯ ಪುಷ್ಟಿ ಇಲಾಖೆ ಬೀದರಿನಲ್ಲೂ ಭಾಲ್ಕಿಯಲ್ಲೂ ಡಂಗುರ ಹೊಡೆಸಿತು. ಔರಾದ್ ತಾಲ್ಲೂಕಿನವರು ಕಣ್ಣಾರೆ ಕಾಣದೆ ನಂಬುವ ಜನವಲ್ಲವೆಂದು ಅಲ್ಲಿಗೆ ಒಬ್ಬ ಅಧಿಕಾರಿಯನ್ನೇ ಕಳಿಸಿತು.

ಪುಷ್ಟಿ ಅಧಿಕಾರಿ ಭಾಲಚಂದ್ರರಾಯರು ಬಂದಿಳಿದದ್ದು ಆ ತಾಲ್ಲೂಕಿನ ಎಕಂಬಾ ಹಳ್ಳಿಯ ಈರಮ್ಮನ ಅಂಗಳದಲ್ಲಿ. ಈರಮ್ಮ ಗಂಡ ಸತ್ತವಳು, ಮಂದಿಯ ಜೋಳ ಬೀಸಿ ಬದುಕುವವಳು. ಹೆರಿಗೆಗೆಂದು ಮಗಳು ಅನುಸೂಯಾಬಾಯಿ ತವರಿಗೆ ಬಂದಿದ್ದಳು. ಮಗಳ ಬಸುರೊಂದನ್ನು ಬಿಟ್ಟರೆ ಆ ಮನೆಯಲ್ಲಿ ತುಂಬಿದ ಹೊಟ್ಟೆ ಇರಲಿಲ್ಲ.

"ಒಂದು ತಿಂಗಳು ನಿಮ್ಮ ಮನ್ಯಾಗೇ ಉಣ್ತೇನಿ ಬಾಯಿ. ದಿನಾ ನಾಲ್ಕಾಣೆ ಕೊಡ್ತೇನಿ. ಅದರಾಗ ಎಲ್ಲಾರೂ ಚೆಂದಾಗಿ ಉಣ್ಣೂದು" ಎಂದರು ರಾಯರು.

"ಮೂರು ಮಂದಿ ಆಗ್ತೇವಲ್ರಿ ಸಾಹೇಬ್ರ."

"ನಾ ಸರ್ಕಾರ್ರಿ. ಮಂದಿ ಲೆಕ್ಕದಾಗ ಬರಂಗಿಲ್ಲ."

ಲೆಕ್ಕಕ್ಕೆ ಬಾರದ ರಾಯರು ಮೊದಲ ದಿನವೇ ಪುಂಡಿಪಲ್ಲೆ ಹಚ್ಚಿಕೊಂಡು ಇದ್ದ ರೊಟ್ಟಿಯನ್ನೆಲ್ಲ ಮುಗಿಸಿದರು. ಮಗಳಿಗೆಂದು ಒಂದು ರೊಟ್ಟಿ ಬಚ್ಚಿಟ್ಟಿದ್ದ ಈರಮ್ಮ ತಾನು ನೀರು ಕುಡಿದು ಮಲಗಿದಳು. ತಿಂಗಳು ಹ್ಯಾಂಗ ಕಳೆದೀತು ಎಂಬ ದಿಗಿಲಿಗೆ ನಿದ್ದೆ ಹತ್ತಲಿಲ್ಲ.

ಮರುದಿನ ಆಕೆ ನಾಲ್ಕಾಣೆ ಹಿಡಿದು ಕಿರಾಣಿ ಅಂಗಡಿಯ ಶಿವರಾಜಪ್ಪನ ಮುಂದೆ ನಿಂತಳು. ತೂಗುವಾಗ ತಕ್ಕಡಿಗೆ ಹೆಬ್ಬೆರಳು ಹಚ್ಚುವುದು ಶಿವರಾಜಪ್ಪನ ಹಳೆಯ ರೂಢಿ.

"ನಿಮ್ಮ ಮನ್ಯಾಗ ಯಾರೋ ಸಾಹೇಬ್ರು ಇಳಕೊಂಡಾರಂತಲ್ಲ?"

"ಹೌದ್ರಿ."

ಹೆಬ್ಬೆರಳು ತಕ್ಕಡಿಯಿಂದ ತಾನಾಗಿ ಮೇಲೆದ್ದಿತು. ಬೇಳೆ ಸೇರು ಮೀರಿ ಸುರಿಯಿತು. ಹಿಂದೆಯೇ ಒಂದು ಗಿಂಡಿ ತುಪ್ಪ ಬಂತು.

"ತುಪ್ಪಕ್ಕ ಎಲ್ಲಿಂದ ಕೊಡ್ಲಿರಿ?"

"ಕೊಡೂದು ಬ್ಯಾಡವಾ. ಸಾಹೇಬ್ರ ಕಿವಿಗೆ ನನ್ನ ಹೆಸರು ಬೀಳಲಿ, ಸಾಕು."

ಸರ್ಕಾರಕ್ಕೆ ಅಳೆಯಬೇಕಾದ ಲೆವಿಯ ಜೋಳ ಕೊಡದೆ ನೆಲದಡಿಯ ಹಗೇವಿನಲ್ಲಿ ಮುಚ್ಚಿಟ್ಟಿದ್ದ ಊರ ಪಾಟೀಲರು ಸಂಜೆಯೊಳಗೆ ಒಂದು ತಂಬಿಗೆ ಹಾಲು ಕಳಿಸಿದರು. ಬಂಡಿ ಪರವಾನಗಿಗೆ ಕಾದಿದ್ದವನು ಬೆಲ್ಲದ ಪೆಂಟೆ ತಂದಿಟ್ಟ. ಈರಮ್ಮನಿಗೆ ಹೆದರಿಕೆ ಹತ್ತಿತು. ಊಟಕ್ಕೆ ಕೂತ ರಾಯರ ಮುಂದೆ ಕೈ ಮುಗಿದಳು.

"ಸುಳ್ಳು ಹೇಳಂಗಿಲ್ರಿ ಸಾಹೇಬ್ರ. ಇದು ನಾಲ್ಕಾಣೆದಲ್ಲ. ಪುಕ್ಕಟೆ ಬಂದದ."

ರಾಯರು ಹೋಳಿಗೆಯ ಮೇಲೆ ತುಪ್ಪ ಹಾಕಿಕೊಳ್ಳುತ್ತ ಯೋಚಿಸಿದರು. "ಪುಕ್ಕಟೆ ಅಂದ್ರ ನಾಲ್ಕಾಣೆಕಿಂತ ಕಡಿಮಿನೇ ಆತಲ್ಲ ಬಾಯಿ?"

ಈರಮ್ಮ ಮಗಳ ತಾಟಿಗೆ ಮತ್ತೊಂದು ಹೋಳಿಗೆ ಹಾಕಿದಳು.

ತಿಂಗಳು ತುಂಬುವುದರೊಳಗೆ ರಾಯರ ಕೋಟಿನ ಗುಂಡಿ ಕೂಡದಾಯಿತು. ಅನುಸೂಯಾಬಾಯಿ ದುಂಡನೆಯ ಹೆಣ್ಣುಮಗುವನ್ನು ಹೆತ್ತಳು. ಬಡವರ ಮನೆಯಲ್ಲಿ ಒಬ್ಬ ಅಧಿಕಾರಿ ಇದ್ದರೆ ನಾಲ್ಕಾಣೆ ಧಾರಾಳ ಎಂದು ರಾಯರು ಇದ್ದುದನ್ನು ಇದ್ದಂತೆ ವರದಿ ಮಾಡಿದರು. ಇಲಾಖೆ ಕೂಡಲೇ ಹುಕುಂ ಹೊರಡಿಸಿತು: "ಪ್ರತಿ ಬಡ ಕುಟುಂಬಕ್ಕೂ ಒಬ್ಬ ಅಧಿಕಾರಿಯನ್ನು ಮಂಜೂರು ಮಾಡತಕ್ಕದ್ದು. ಮಂಜೂರಾದ ಅಧಿಕಾರಿಯನ್ನು ಮಾರತಕ್ಕದ್ದಲ್ಲ, ಅಡವಿಡತಕ್ಕದ್ದಲ್ಲ, ನೆರೆಮನೆಗೆ ಕಡ ಕೊಡತಕ್ಕದ್ದಲ್ಲ."

ನೆರೆಮನೆಯ ಗುಂಡಮ್ಮನ ಪಾಲಿಗೆ ಸ್ಟಾಂಪು ಮಾರುವ ಗುಮಾಸ್ತ ಬಂದ. "ಇವನ ಹೆಸರು ಹೇಳಿದ್ರ ಒಂದು ಉಳ್ಳಾಗಡ್ಡಿನೂ ಹುಟ್ಟಂಗಿಲ್ಲ. ಬದಲಿ ಮಾಡಿಕೊಡ್ರಿ" ಎಂದು ಆಕೆ ಅರ್ಜಿ ಬರೆಸಿದಳು. ಅರ್ಜಿ ತೆಗೆದುಕೊಳ್ಳಲು ಕಚೇರಿಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಹಳ್ಳಿಗಳಲ್ಲಿ ಉಣ್ಣುತ್ತಿದ್ದರು. ಅಷ್ಟಾದರೂ ಅಷ್ಟೂರ, ಬಗದಲ್ ಕಡೆಗೆ ಅಧಿಕಾರಿಗಳು ಸಾಲಲಿಲ್ಲ. ಆಗ ಇಲಾಖೆ, ಚೆನ್ನಾಗಿ ಉಂಡ ಅನುಭವವಿರುವ ಬಡವರನ್ನೇ ಅಧಿಕಾರಿಗಳನ್ನಾಗಿ ನೇಮಿಸಿತು. ಅಧಿಕಾರದ ಮೊದಲ ಹಿತ್ತಾಳೆ ಬಿಲ್ಲೆ ಈರಮ್ಮನ ಸೆರಗಿಗೆ ಬಂತು, ಈರಮ್ಮನ ಶಿಫಾರಸಿನ ಮೇಲೆ ಎರಡನೆಯದು ಗುಂಡಮ್ಮನ ಸೆರಗಿಗೆ. ಈರಮ್ಮ ಗುಂಡಮ್ಮನ ಮನೆಯಲ್ಲಿ ಅಧಿಕಾರಿಯಾಗಿ ಉಂಡಳು, ಗುಂಡಮ್ಮ ಈರಮ್ಮನ ಮನೆಯಲ್ಲಿ.

ಬಿಲ್ಲೆ ಕಂಡೊಡನೆ ಶಿವರಾಜಪ್ಪ ಗಾದಿ ಬಿಟ್ಟು ಎದ್ದು ನಿಂತ. "ಬರ್ರಿ ಬಾಯಿಸಾಹೇಬ್ರ, ಕೂಡ್ರಿ."

ಹುಟ್ಟಿದಾಗಿನಿಂದ ಆ ಅಂಗಡಿಯ ಮುಂದೆ ನಿಂತೇ ಇದ್ದ ಈರಮ್ಮನಿಗೆ ಹೇಗೆ ಕೂಡಬೇಕೆಂದು ತಿಳಿಯಲಿಲ್ಲ. ಆದರೂ ಕೂತಳು. ಹಿತವೆನಿಸಿತು.

ಸುಗ್ಗಿಯ ಹೊತ್ತಿಗೆ ಎಕಂಬಾದಲ್ಲಿ ಬಿಲ್ಲೆಯಿಲ್ಲದ ಸೆರಗು, ರುಮಾಲು ಹುಡುಕಿದರೂ ಸಿಗದಂತಾಯಿತು. ಶಿವರಾಜಪ್ಪನ ಅಂಗಡಿಯಲ್ಲಿ ತಕ್ಕಡಿ ಮಾತ್ರ ಉಳಿಯಿತು. ತಾನೂ ಬಡವನಾದೆನೆಂದು ಅವನು ಬಿನ್ನವಿಸಿಕೊಂಡ. ಇಲಾಖೆ ವಿಚಾರಣೆ ನಡೆಸಿ, ನಿಜವೆಂದು ಕಂಡು, ಈರಮ್ಮನನ್ನು ಅವನ ಮನೆಗೆ ಮಂಜೂರು ಮಾಡಿತು.

ಈರಮ್ಮ ಹೋಗಿ ಮಣೆಯ ಮೇಲೆ ಕೂತಳು. ತಾಟಿನಲ್ಲಿ ಒಂದೇ ರೊಟ್ಟಿ, ಪಕ್ಕದಲ್ಲಿ ಉಪ್ಪು.

"ತುಪ್ಪ?"

"ಎಲ್ಲಾರೂ ಸಾಹೇಬ್ರಾದ್ರು, ಕೊಡೂದಕ್ಕ ನಾ ಒಬ್ಬನೇ ಉಳದಿದ್ದೆನ್ರಿ" ಎಂದ ಶಿವರಾಜಪ್ಪ.

ಈರಮ್ಮ ರೊಟ್ಟಿ ಮುರಿದು ಅರ್ಧ ಅವನಿಗೆ ಕೊಟ್ಟಳು. ಇಬ್ಬರೂ ಉಪ್ಪು ಹಚ್ಚಿಕೊಂಡು ತಿಂದರು.

"ನನಗೂ ಬಿಲ್ಲೆ ಬರ್ತದೇನ್ರಿ?"

"ಯಾಕ ಬರಂಗಿಲ್ರಿ? ಪುಷ್ಟಿಯಾಗಿ ಉಂಡೀರಿ ಅಂತ ಬರಸ್ತೇನಿ. ಆದ್ರ ಈಗ ನೀವು ತೇಗಬೇಕಾಗ್ತದ. ಸರ್ಕಾರದ ಕಾಯಿದೆ ಅದ."

ಶಿವರಾಜಪ್ಪ ಒಂದು ತಂಬಿಗೆ ನೀರು ಗಟಗಟ ಕುಡಿದು, ಪಡಸಾಲೆ ಮೊಳಗುವಂತೆ ತೇಗಿದ. ಒಳಗಿನಿಂದ ಅವನ ಹೆಂಡತಿ, ಕೇಳದೆಯೇ, ಇನ್ನೂ ಜೋರಾಗಿ ತೇಗಿದಳು. ಈರಮ್ಮ ತೃಪ್ತಳಾಗಿ ಎದ್ದು ಕೈ ತೊಳೆದುಕೊಂಡಳು.