ದಿನಬಾಡಿಗೆಯ ಮನೆ, ದಿನಕ್ಕೊಂದು ಫಜೀತಿ

ಮನೆ ತಿಂಗಳ ಬಾಡಿಗೆಗೆ ಕೊಟ್ಟರೆ ತಿಂಗಳಿಗೊಂದು ತಕರಾರು. ದಿನಬಾಡಿಗೆಗೆ ಕೊಟ್ಟರೆ ದಿನಕ್ಕೊಂದು. ಇಷ್ಟು ಸುಲಭದ ಲೆಕ್ಕ ನನಗೆ ಮೊದಲೇ ಹೊಳೆಯಬೇಕಿತ್ತು.

ಕರಾವಳಿಯ ನಾವುಂದ ಅನ್ನುವ ಊರಿನಲ್ಲಿ ನಮ್ಮ ಮನೆಗೆ ತಾಗಿಕೊಂಡೇ ನಮ್ಮದೊಂದು ಸಣ್ಣ ಹಂಚಿನ ಮನೆ ಇದೆ. ಹನ್ನೆರಡು ವರ್ಷ ಅದರಲ್ಲಿ ಒಬ್ಬರು ಮೇಷ್ಟ್ರು ಬಾಡಿಗೆಗಿದ್ದರು. ಅವರಿಗೆ ಬಾರ್ಕೂರಿಗೆ ವರ್ಗವಾದ ಮೇಲೆ ನಾನು ಹೇಳಿದೆ, ಇನ್ನು ಇದನ್ನು ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಡುವುದು, ಬುಕಿಂಗ್ ಮೊಬೈಲಿನಲ್ಲಿ, ಗುಡಿಸುವುದರಿಂದ ಹಿಡಿದು ಎಲ್ಲ ನಾನೇ. ಕಣ್ಣು ಮಂಜಾಗಿ ಟೈಲರಿಂಗ್ ಬಿಟ್ಟಿದ್ದೆ. ನನ್ನದು ಅಂತ ಒಂದು ಕೆಲಸ ಇಲ್ಲದೆ ನನಗೆ ಹುಚ್ಚು ಹಿಡಿಯುವುದೊಂದೇ ಬಾಕಿ ಇತ್ತು.

"ನಿಂಗೆ ಮರ್ಲ್ ಮಾರಾಯ್ತಿ," ಅಂದರು ನನ್ನ ಗಂಡ. "ಆಯ್ತ್, ಮಾಡ್. ಮಳಿ ಬಪ್ಪುದ್ರೊಳ್ಗೆ ಸಮಾ ಆಯ್ಲಿಲ್ಲ ಅಂದ್ರೆ ನಾನ್ ತಿಂಗ್ಳ್ ಬಾಡ್ಗಿಗೆ ಜನ ಕಾಂಬುದೇ."

ಕಾಣಿ, ಕಾಣಿ, ಅಂತ ನಾನೂ ಪರದೆ ಹೊಲಿಯಲು ಕೂತೆ.

ಸಮುದ್ರ ಕಾಣುವ ಮನೆ

ಜಾಹೀರಾತಿನಲ್ಲಿ 'ಸಮುದ್ರ ಕಾಣುತ್ತದೆ' ಅಂತ ಬರೆದಿದ್ದೆ. ಸುಳ್ಳಲ್ಲ. ನೀರಿನ ಟ್ಯಾಂಕ್ ಹತ್ತಿದರೆ ಕಾಣುತ್ತದೆ.

ಮೊದಲು ಬಂದವರು ಬೆಂಗಳೂರಿನ ಗಂಡ ಹೆಂಡತಿ. ಕಿಟಕಿ ಕಿಟಕಿಗೂ ಹೋಗಿ ಬಗ್ಗಿ ನೋಡಿದರು. ಒಂದರಲ್ಲಿ ನಮ್ಮ ಬಚ್ಚಲು, ಇನ್ನೊಂದರಲ್ಲಿ ನಮ್ಮ ದನ. "ಎಲ್ಲಿ ಮೇಡಂ ಸಮುದ್ರ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ತೆಂಗಿನಕಾಯಿ ಕೊಯ್ಯುವ ಏಣಿ ತಂದು ಟ್ಯಾಂಕಿಗೆ ಒರಗಿಸಿ, "ಹತ್ತಿ, ನಾನ್ ಹಿಡ್ಕಂತೆ," ಅಂದರು. ನನ್ನ ಮರ್ಯಾದೆ ಹೋಗಲಿ ಅಂತಲೇ ಮಾಡಿದ್ದು, ನನಗೆ ಗೊತ್ತು.

ಅವರಿಬ್ಬರೂ ಹತ್ತಿದರು. ಹತ್ತಿದವರು ಇಳಿಯಲೇ ಇಲ್ಲ. ಫೋಟೋ ತೆಗೆದರು, ಮತ್ತೆ ತೆಗೆದರು. ಕೆಳಗೆ ಇವರ ಕೈ ಸೋತಿತ್ತು, ಏಣಿ ಬಿಡುವ ಹಾಗಿಲ್ಲ. ಆಗ ಮೇಲಿನಿಂದ ಕೇಳಿದರು: "ಅಂಕಲ್, ಟೀ ಇಲ್ಲಿಗೇ ತಂದುಕೊಡ್ತೀರಾ?"

ಸಣ್ಣದಾದರೆ ಅಡ್ಡಿಲ್ಲ

ಮೇಷ್ಟ್ರು ಇದ್ದಾಗ ಮೀನಿನಕ್ಕ ದಿನಾ ಬೆಳಿಗ್ಗೆ ಅಡುಗೆಮನೆ ಬಾಗಿಲಿಗೇ ಬುಟ್ಟಿ ತಂದಿಳಿಸುತ್ತಿದ್ದಳು. ಈಗ ಅಲ್ಲಿ ಬೇರೆಯವರು ಇರುತ್ತಾರೆ ಅಂತ ನಾನು ಎಷ್ಟು ಸಲ ಹೇಳಿದರೂ, "ಬೇರೆಯೋರ್ ಉಂಬುದಿಲ್ಯಾ?" ಅಂತ ಕೇಳುತ್ತಿದ್ದಳು.

ಒಂದು ದಿನ ಬಂದಿಳಿದವರು ಶುದ್ಧ ಸಸ್ಯಾಹಾರಿಗಳು. ಬೆಳಿಗ್ಗೆ ಕಿರುಚಾಟ ಕೇಳಿ ಓಡಿದೆ. ಅವರಲ್ಲೊಬ್ಬ ಹುಡುಗಿ ಮೂಗು ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡಿದ್ದಾಳೆ, ಮೀನಿನಕ್ಕ ಒಂದು ದೊಡ್ಡ ಅಂಜಲ್ ಮೀನನ್ನು ಬಾಲ ಹಿಡಿದು ಎತ್ತಿದ್ದಾಳೆ.

"ಅಯ್ಯಬ್ಯಾ! ಅವ್ರ್ ಮೀನ್ ತಿಂಬುದಿಲ್ಲ ಮಾರಾಯ್ತಿ, ಬರೀ ತರಕಾರಿ!" ಅಂದೆ.

ಅವಳಿಗೆ ಅಯ್ಯೋ ಪಾಪ ಅನ್ನಿಸಿತು. ಅಂಜಲನ್ನು ಬುಟ್ಟಿಗೆ ಹಾಕಿ, ಹುಡುಗಿಯ ಹತ್ತಿರ ಮೆತ್ತಗೆ ಹೇಳಿದಳು: "ಹಂಗಾರೆ ದೊಡ್ಡದ್ ಬ್ಯಾಡ. ಸಣ್ಣ್ ಸಣ್ಣ್ ಬೂತಾಯಿ ಮೀನ್ ಇತ್ತ್, ತಕಣಿ."

ಬೈರಾಸು ಉಟ್ಟ ಮ್ಯಾನೇಜರ್

ಮೇಷ್ಟ್ರು ಒಂದು ಶನಿವಾರ ಬಾರ್ಕೂರಿನಿಂದ ಬೈಂದೂರಿನ ಅಕ್ಕನ ಮನೆಗೆ ಹೊರಟವರು ಬಸ್ಸಿನಲ್ಲಿ ನಿದ್ದೆ ಹೋದರು. ಕಂಡಕ್ಟರ್ "ನಾವುಂದ" ಅಂತ ಕೂಗಿದ್ದೇ ತಡ, ಹನ್ನೆರಡು ವರ್ಷದ ಅಭ್ಯಾಸ, ಇಳಿದರು. ಕಿಸೆಯಲ್ಲಿ ಹಳೆ ಬೀಗದ ಕೈ ಇತ್ತು. ಬಾಗಿಲು ತೆಗೆದರು, ಸೊಂಟಕ್ಕೊಂದು ಬೈರಾಸು ಸುತ್ತಿಕೊಂಡು ಸ್ನಾನಕ್ಕೆ ಹೋದರು.

ನಾವು ಮದುವೆಯೊಂದಕ್ಕೆ ಹೋಗಿದ್ದೆವು, ಅಷ್ಟರಲ್ಲಿ ಬುಕ್ ಮಾಡಿದ್ದ ಮೈಸೂರಿನ ಸಂಸಾರವೊಂದು ಬಂತು. ಸ್ನಾನ ಮುಗಿಸಿ ಹೊರಬಂದ ಮೇಷ್ಟ್ರು ನಡುಮನೆಯಲ್ಲಿ ಐದು ಜನರನ್ನು ಕಂಡು, "ಯಾರ್ರಿ ನೀವು?" ಅಂತ ಗದರಿಸಿದರು. ಪಾಪ, ಅವರು ತಪ್ಪಾಯ್ತು ಅಂತ ಕೈಮುಗಿದು ಪೆಟ್ಟಿಗೆ ಸಮೇತ ಅಂಗಳಕ್ಕೆ ಇಳಿದರು! ಆಮೇಲೆ ಕಿಟಕಿಗೆ ನೇತುಹಾಕಿದ ನನ್ನ ಹೊಸ ಪರದೆ ನೋಡಿ ಮೇಷ್ಟ್ರಿಗೆ ಎಚ್ಚರವಾಯಿತು. ನಾಚಿಕೆಯಿಂದ ಅವರನ್ನು ಒಳಗೆ ಕರೆದು, ಅದೇ ಬೈರಾಸಿನಲ್ಲಿ ಕಾಫಿ ಮಾಡಿಕೊಟ್ಟು, ಗೀಸರ್ ಹಾಕುವ ಕ್ರಮ ಹೇಳಿಕೊಟ್ಟು, ಮುಂದಿನ ಬಸ್ಸು ಹಿಡಿದರು.

ನನಗೆ ಇದರ ಸುಳಿವು ಸಿಕ್ಕಿದ್ದು ಆ ಮೈಸೂರಿನವರು ಐದು ಸ್ಟಾರ್ ಕೊಟ್ಟು ಮೊಬೈಲಿನಲ್ಲಿ ಬರೆದದ್ದನ್ನು ಓದಿದಾಗ: "ಮ್ಯಾನೇಜರ್ ಬಹಳ ಒಳ್ಳೆಯವರು. ಅವರಿಗೊಂದು ಅಂಗಿ ಕೊಡಿಸಿ."

ಮೂರನೆಯ ದಿನ

ಮೇ ತಿಂಗಳ ಕೊನೆ ಬಂತು. ಬುಕಿಂಗ್ ಬರುತ್ತಿತ್ತು, ಆದರೆ ನನ್ನ ಗಂಡನಿಗೆ ಸಮಾಧಾನವಿಲ್ಲ. ಒಂದು ದಿನ ನನಗೆ ಒಂದು ಮಾತೂ ಹೇಳದೆ ಬ್ರಹ್ಮಾವರದಿಂದ ಒಬ್ಬ ಆಫೀಸರನ್ನೂ ಅವರ ಹೆಂಡತಿಯನ್ನೂ ಮನೆ ತೋರಿಸಲು ಕರೆದುಕೊಂಡು ಬಂದರು. ತಿಂಗಳ ಬಾಡಿಗೆಗೆ, ಮೂರು ವರ್ಷಕ್ಕೆ! ನನಗೆ ಅಳುವೇ ಬಂತು. ಆ ಪರದೆ ಹೊಲಿಯಲು ಸೂಜಿಗೆ ದಾರ ಪೋಣಿಸುವುದಕ್ಕೇ ನಾನು ಪಟ್ಟ ಪಾಡು ನನಗೇ ಗೊತ್ತು.

ಮನೆಯಲ್ಲಿ ಆಗ ಹುಬ್ಬಳ್ಳಿ ಕಡೆಯ ಒಂದು ದೊಡ್ಡ ಸಂಸಾರ ಇತ್ತು. ಅವರ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಆಫೀಸರರ ಹೆಂಡತಿ, "ಮನೆ ಹೇಗಿದೆ ಅಮ್ಮ?" ಅಂತ ಕೇಳಿದರು.

"ನೀರು ಉಪ್ಪಂದ್ರ ಉಪ್ಪ," ಅಂತ ಅಜ್ಜಿ ಶುರುಮಾಡಿದರು. "ಸಾಬಾಣ ನೊರೀನ ಬರಂಗಿಲ್ಲ. ನಸುಕಿನ್ಯಾಗ ನವಿಲು ಚೀರ್ತಾವ. ಸಂಜೀಕ ಸೊಳ್ಳಿ ಎತ್ತಿಕೊಂಡು ಹೋಗ್ತಾವ. ಹಂಚಿನ ಮ್ಯಾಲ ತೆಂಗಿನಕಾಯಿ ಬಿದ್ರ ಎದಿ ಧಸಕ್ ಅಂತೈತಿ. ಇನ್ನ ಸೆಕೆ ಅಂತೂ ಕೇಳಬ್ಯಾಡ್ರಿ."

ಇದನ್ನು ಕೇಳಿ ಬಾಡಿಗೆಗೆ ಬಂದವರು ಓಡಿದರೂ, ಈ ಅಜ್ಜಿ ಇದನ್ನೇ ಮೊಬೈಲಿನಲ್ಲಿ ಬರೆಸಿದರೆ ನನ್ನ ಕಥೆ ಮುಗಿಯಿತು.

ಆಫೀಸರರ ಹೆಂಡತಿ ಹೆದರಿ ಕೇಳಿದರು: "ಅಯ್ಯೋ, ಮತ್ತೆ ನೀವು ಇಲ್ಲಿ ಹೇಗಿದ್ದೀರಿ?"

"ನಮಗೇನ್ರೀ, ಭಾಳ ಚಲೋ ಐತಿ! ದೀಪಾವಳಿಗೆ ನಮ್ಮ ತಮ್ಮನ ಮಂದೀನೂ ಕರಕೊಂಡ ಬರಾವ್ರ ಇದೀವಿ," ಅಂದರು ಅಜ್ಜಿ. "ನಾವು ನಾಳೆ ಹೊಂಟೀವಲ್ಲ!"

ಬ್ರಹ್ಮಾವರದವರು ಕಾರಿನ ಬಾಗಿಲು ಹಾಕಿದ ಶಬ್ದ ನನಗೆ ವಾಲಗ ಊದಿದ ಹಾಗೆ ಕೇಳಿಸಿತು.

ಸಂಜೆ, ಬಾಡಿಗೆಗೆ ಜನ ಹುಡುಕಿಕೊಡುವ ಬ್ರೋಕರ್ ಫೋನ್ ಮಾಡಿದಾಗ ನನ್ನ ಗಂಡ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ: "ಇಲ್ಲ ಮಾರಾಯ್ರೆ, ಅದ್ ತಿಂಗ್ಳ್ ಬಾಡ್ಗಿಗೆ ಕೊಡು ಮನಿ ಅಲ್ಲ. ಅಲ್ಲ್ ಎರಡ್ ದಿನ ಸ್ವರ್ಗ. ಮೂರ್ನೇ ದಿನ ಯಾರ್ಗೂ ಇಪ್ಪುಕೆ ಆಪ್ದಿಲ್ಲ!"