ಉಕ್ಕಿನ ಗೂಡಿಗೆ ಹೆಸರು

ಅಕ್ಕಯ್ಯಮ್ಮ ಬೆಳಿಗ್ಗೆ ಬೆಳಿಗ್ಗೆಯೇ ಒಂದು ಚೆಂಬು ಹಿಡಿದುಕೊಂಡು ಬರದೇ ಇದ್ದಿದ್ದರೆ ಗಂಗುಲಪ್ಪನ ಹೆಸರು ಆವತ್ತು ಶಿಡ್ಲಘಟ್ಟದಿಂದ ಚಿಂತಾಮಣಿಯವರೆಗೂ ಮೆರೆಯಬೇಕಾಗಿತ್ತು.

ಸ್ಟೀಲಿಗೆ ಇನ್ನೂ ಎವರ್‌ಸಿಲ್ವರ್ ಅನ್ನುತ್ತಿದ್ದ ಕಾಲ ಅದು. ಮನೆಗೊಂದು ಲೋಟ ಬಂದರೂ ಅದಕ್ಕೆ ಹೆಸರು ಕೊರೆಸದೆ ಯಾರೂ ನೀರು ಕುಡಿಯುತ್ತಿರಲಿಲ್ಲ. ಕೊರೆಯುವವನು ಗಂಗುಲಪ್ಪ. ಗಿರಾಕಿ ಎದುರಿಗೆ ಕೂತು ಹೆಸರು ಬಿಡಿಸಿ ಬಿಡಿಸಿ ಹೇಳಬೇಕು, ಇವನು ಉಳಿ ಇಟ್ಟು ಟಕಟಕ ಹೊಡೆಯಬೇಕು. ವರ್ಷಗಟ್ಟಲೆ ಹೀಗೆ ಹೊಡೆದು ಹೊಡೆದು ಅವನ ಕೈ ಕಿವಿಯ ಮಾತನ್ನಷ್ಟೇ ಕೇಳುತ್ತಿತ್ತು. ತಲೆ ಎಲ್ಲಿ ಅಲೆಯುತ್ತಿದ್ದರೂ ಕೈಗೆ ಅದರ ಗೊಡವೆ ಇರಲಿಲ್ಲ.

ಈ ಸಲ ಮಾತ್ರ ಅವನಿಗೆ ಭಾರಿ ಕೆಲಸ ಸಿಕ್ಕಿತ್ತು. ಊರಿನ ಸರ್ಕಲ್ಲಿಗೆ ಎರಡಾಳೆತ್ತರದ ಎವರ್‌ಸಿಲ್ವರ್ ರೇಷ್ಮೆಗೂಡು! ಬೆಂಗಳೂರಿನ ಕಾರ್ಖಾನೆಯಲ್ಲಿ ಕಲಿತ ವೆಲ್ಡಿಂಗನ್ನೆಲ್ಲ ಅದಕ್ಕೆ ಸುರಿದಿದ್ದ. ಒಳಗೆ ಕಬ್ಬಿಣದ ಪಕ್ಕೆಲುಬು, ಮೇಲೆ ಬಗ್ಗಿಸಿದ ತಗಡು, ಬೆಸುಗೆ ಎಲ್ಲಿದೆ ಅಂತ ಹುಡುಕಿದರೂ ಕಾಣದಂಥ ಪಾಲಿಶ್. ಸಂಜೆ ಕೋಲಾರದ ಸಾಹೇಬರಿಂದ ಉದ್ಘಾಟನೆ. ಅದನ್ನು ನೋಡಲು ಚಿಂತಾಮಣಿಯವರೂ ಬರುವವರಿದ್ದರು. ಅವರಿಗೂ ತಮ್ಮ ಸರ್ಕಲ್ಲಿಗೊಂದು ಉಕ್ಕಿನ ಕಡಲೆಕಾಯಿ ಬೇಕಾಗಿತ್ತು.

“ಆ ಕಡಲೆಕಾಯಿ ಒಂದು ಸಿಕ್ಬುಟ್ರೆ ಈ ಚೆಂಬು ಲೋಟದ ಸಹವಾಸ ಬಿಟ್ಟೆ ಕಣೇ” ಎಂದು ಹೆಂಡತಿ ಓಬಳಮ್ಮನಿಗೆ ಹೇಳಿ ಗೂಡು ನಿಂತಿದ್ದ ಹಿತ್ತಲಿಗೆ ಬಂದರೆ ಪಕ್ಕದ ಮನೆಯ ಅಕ್ಕಯ್ಯಮ್ಮ ಚೆಂಬು ಚಾಚಿಕೊಂಡು ನಿಂತಿದ್ದಳು.

“ಜಂಗಮಕೋಟೇಲಿ ಚಿಕ್ಕವೆಂಕಟಮ್ಮನ ಮದ್ವೆ ಕಣಪ್ಪ. ಮುಯ್ಯಿಗೆ ಈ ಚೆಂಬು. ಬಸ್ಸಿಗೆ ಹೊತ್ತಾಯ್ತು, ನನ್ ಹೆಸರು ಹಾಕ್ಕೊಡು” ಎಂದವಳು ಗೂಡನ್ನು ಮೇಲಿಂದ ಕೆಳಗೆ ನೋಡಿದಳು. “ಏಮಪ್ಪಾ, ಇಷ್ಟು ದೊಡ್ಡ ಸಾಮಾನಿಗೆ ಹೆಸರೇ ಇಲ್ಲ? ನಾಳೆ ಯಾರ್ದು ಅಂತ ಹೇಳ್ತೀಯ?”

ಗಂಗುಲಪ್ಪನ ತಲೆಯೊಳಗೆ ಹುಳ ಹೊಕ್ಕಿತು. ಹೌದಲ್ಲ! ಅಷ್ಟಗಲ ಹೊಟ್ಟೆಯ ಅಡಿಯಲ್ಲಿ ತನ್ನದೊಂದು ಪುಟ್ಟ ಹೆಸರಿದ್ದರೆ ಯಾರಪ್ಪನ ಗಂಟು ಹೋಗುತ್ತೆ? ಅದೇ ಯೋಚನೆಯಲ್ಲಿ ಚೆಂಬನ್ನು ತೊಡೆಯ ಮೇಲಿಟ್ಟು ಹೊಡೆಯತೊಡಗಿದ. ಬೀದಿಯಲ್ಲಿ, ಗೂಡು ಮಾಡಿಸುತ್ತಿದ್ದ ಸಮಿತಿಯ ಮುನಿಶಾಮಪ್ಪ “ಗಂಗುಲಪ್ಪಾ! ಲೇ ಗಂಗುಲಪ್ಪಾ!” ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಇವನು ಓಗೊಡಲಿಲ್ಲ, ಕೆಲಸ ಮುಗಿಸಿಯೇ ಎದ್ದ. ಚೆಂಬನ್ನು ಪಕ್ಕಕ್ಕಿಟ್ಟು ಗೂಡಿನ ಕೆಳಗೆ ತೂರಿಕೊಂಡು, ಕತ್ತಲಲ್ಲಿ ಅಂಗಾತ ಮಲಗಿ, ಮೊದಲು ‘ಶಿಲ್ಪಿ’ ಎಂದು ಕೊರೆದ. ಎದೆ ಉಬ್ಬಿತು.

ಹೊರಗೆ ಅಕ್ಕಯ್ಯಮ್ಮನಿಗೆ ಬಸ್ಸಿನ ಚಿಂತೆ. “ನಂದು ಪೂರ್ತಿ ಹಾಕಿದ್ಯೇನಪ್ಪ? ಅ... ಕ್ಕ... ಯ್ಯ... ಮ್ಮ! ಒಂದಕ್ಷರಾನೂ ನುಂಗ್ಬೇಡ!”

“ಹಾಕಿದೀನಿ, ಹೋಗಮ್ಮ!” ಎಂದು ಗೂಡಿನ ಕೆಳಗಿಂದಲೇ ಕೂಗಿ, ಉಳಿದಿದ್ದನ್ನೂ ಟಕಟಕ ಹೊಡೆದು ಮುಗಿಸಿದ. ಓದು ಬಾರದ ಅಕ್ಕಯ್ಯಮ್ಮ ಚೆಂಬಿನ ಚುಕ್ಕಿಗಳನ್ನು ಸವರಿ ನೋಡಿ, ಸೆರಗಿನಲ್ಲಿ ಸುತ್ತಿಕೊಂಡು ಓಡಿದಳು.

ಗಂಗುಲಪ್ಪ ಈಚೆ ತೆವಳಿದಾಗ ಎದುರಿಗೆ ಮುನಿಶಾಮಪ್ಪ ನಿಂತಿದ್ದ. “ಹೆಸರು ಹಾಕ್ತಾ ಇದೀಯಾ? ಸರಿ, ನಂದೂ ಹಾಕು. ಸಮಿತಿ ಮೆಂಬರ್ ಕಣೋ ನಾನು.” ಮುನಿಶಾಮಪ್ಪನದನ್ನು ಹಾಕಿದ್ದು ರಾಮಾಂಜಿನಪ್ಪನಿಗೆ ಗೊತ್ತಾಯಿತು, ಅವನಿಗೆ ಇನ್ನೂ ದಪ್ಪ ಅಕ್ಷರ ಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಸಮಿತಿ, ಸಮಿತಿಯವರ ಭಾವಮೈದುನರು, ಗೂಡು ಸಾಗಿಸುವ ಗಾಡಿಯವನು ಎಲ್ಲರೂ ಅದರ ಮೇಲೆ ಹತ್ತಿ ಕೂತಿದ್ದರು.

ಆಗ ಬಂದರು ಅಧ್ಯಕ್ಷ ವೆಂಕಟರವಣಪ್ಪನವರು. ನೋಡಿದ್ದೇ ತಡ, ಪಂಚೆ ಎತ್ತಿ ಕಟ್ಟಿದರು.

“ಇದೇನು ಗೂಡೋ, ಮದ್ವೆ ಮನೆ ಕೊಳದಪ್ಪಲೆಯೋ? ಕನ್ನಡಿ ಹಂಗಿರಬೇಕು ಅಂದಿದ್ನಲ್ಲಯ್ಯ! ಸಂಜೆಗೆ ಒಂದು ಹೆಸರು ಕಣ್ಣಿಗೆ ಬಿದ್ರೂ ಚಿಂತಾಮಣಿಯೋರನ್ನ ಬಸ್‌ಸ್ಟ್ಯಾಂಡಿಂದಾನೇ ವಾಪಸ್ ಕಳಿಸ್ತೀನಿ, ನೋಡ್ತಿರು.”

ಗಂಗುಲಪ್ಪ ಊಟ ಬಿಟ್ಟು ಉಜ್ಜಿದ. ತೋಳು ಕಳಚಿ ಬೀಳುವ ಹಾಗೆ ಉಜ್ಜಿದ. ಮುನಿಶಾಮಪ್ಪ ಅಳಿಸಿಹೋದ, ರಾಮಾಂಜಿನಪ್ಪ ಅಳಿಸಿಹೋದ, ಗಾಡಿಯವನೂ ಹೋದ. ಹೊಟ್ಟೆಯ ಅಡಿಯ ಆ ಒಂದು ಪುಟ್ಟ ಸಾಲಿಗೆ ಮಾತ್ರ ಅವನ ಕೈ ಹೋಗಲಿಲ್ಲ. ಬಗ್ಗಿ ನೋಡುವವರು ಯಾರು ಎಂದು ಸಮಾಧಾನ ಹೇಳಿಕೊಂಡ. ಪಾಪ, ತಾನೂ ಬಗ್ಗಿ ನೋಡಲಿಲ್ಲ.

ಸಂಜೆ ಸರ್ಕಲ್ಲಿನಲ್ಲಿ ಬಟ್ಟೆ ಸರಿಸಿದಾಗ ಇಳಿಬಿಸಿಲಿಗೆ ಗೂಡು ಝಗ್ ಅಂದಿತು. ಜನ ಹೋ ಅಂದರು. ಸಾಹೇಬರು ಬೆರಗಾಗಿ ಕೇಳಿದರು: “ಯಾರ್ರೀ ಇದನ್ನ ಮಾಡಿದ್ದು?”

ನಾನು ಅಂದುಬಿಟ್ಟಿದ್ದರೆ ಮುಗಿದಿತ್ತು. ಗಂಗುಲಪ್ಪ ನಾಚಿಕೊಂಡ. ಹತ್ತಿರ ಹೋಗಿ, “ಕೆಳಗಡೆ ಬಗ್ಗಿ ನೋಡಿ ಸ್ವಾಮಿ, ಬರ್ದೈತೆ” ಎಂದು ಮೆಲ್ಲಗೆ ಉಸುರಿದ.

ಸಾಹೇಬರು ಬಗ್ಗಿದರು. ಗಟ್ಟಿಯಾಗಿ ಓದಿದರು: “ಶಿಲ್ಪಿ ಅಕ್ಕಯ್ಯಮ್ಮ!”

ಚಪ್ಪಾಳೆಯೋ ಚಪ್ಪಾಳೆ. ಹೆಂಗಸೊಬ್ಬಳು ಇಂಥ ಕೆಲಸ ಮಾಡಿದ್ದು ಕೇಳಿ ಸಾಹೇಬರ ಕಣ್ಣು ಒದ್ದೆಯಾಯಿತು. ಜಂಗಮಕೋಟೆ ಬಸ್ಸಿನಿಂದ ಆಗತಾನೆ ಇಳಿದಿದ್ದ ಅಕ್ಕಯ್ಯಮ್ಮ ತನ್ನ ಹೆಸರು ಕೇಳಿ ಮುಂದೆ ಬಂದಳು. ಹಾರ ಕೊರಳಿಗೆ ಬಿತ್ತು. ಗಂಗುಲಪ್ಪ “ಸ್ವಾಮಿ, ಅದು...” ಎಂದಿದ್ದು ಬ್ಯಾಂಡಿನ ಸದ್ದಿನಲ್ಲಿ ಮುಳುಗಿಹೋಯಿತು.

“ನಮ್ ಕಡಲೆಕಾಯೀನೂ ನೀವೇ ಮಾಡ್ಕೊಡಬೇಕಮ್ಮ” ಎಂದು ಚಿಂತಾಮಣಿಯವರು ಕೈಮುಗಿದರು.

ಅಕ್ಕಯ್ಯಮ್ಮ ಹಾರ ಸರಿಮಾಡಿಕೊಂಡಳು. “ಆಗ್ಲಪ್ಪ, ಅದಕ್ಕೇನಂತೆ. ನಮ್ ಗಂಗುಲಪ್ಪ ಅವ್ನೆ. ಕೈಕೆಳಗೆ ಇಟ್ಕೊಂತೀನಿ.”

ಹೋಗಲಿ, ಕೈಕೆಳಗಾದರೂ ಸರಿ, ಕಡಲೆಕಾಯಿ ಸಿಕ್ಕಿತಲ್ಲ ಎಂದು ಗಂಗುಲಪ್ಪ ಉಸಿರು ಬಿಡುವಷ್ಟರಲ್ಲಿ, ಮದುವೆ ಮುಗಿಸಿ ಗೂಡು ನೋಡಲೆಂದು ಅದೇ ಬಸ್ಸಿನಲ್ಲಿ ಬಂದಿದ್ದ ಮದುಮಗಳ ಅಪ್ಪ ಮುನಿವೆಂಕಟಪ್ಪ ಜನರನ್ನು ಸೀಳಿಕೊಂಡು ಬಂದು ಅವನನ್ನು ತಬ್ಬಿಕೊಂಡ.

“ಮದ್ವೆಗೆ ಕರೆಯೋಕೆ ಮರ್ತಿದ್ರೂ ಎಂಥಾ ಚೆಂಬು ಕಳ್ಸಿದ್ಯಪ್ಪ! ಮೈಮೇಲೆ ‘ಗಂಗುಲಪ್ಪ’ ಅಂತ ಹೊಳೀತಾ ಇತ್ತು. ಅಕ್ಕಯ್ಯಮ್ಮ ಬರಿಗೈಲಿ ಬಂದು ಉಂಡು ಹೋದ್ಳು, ನೀನು ನೋಡು...”

ಅಕ್ಕಯ್ಯಮ್ಮನ ಮುಖ ಕೆಂಡವಾಯಿತು. ಚಿಂತಾಮಣಿಯವರ ಕಡೆ ತಿರುಗಿದಳು.

“ಇವ್ನು ಬೇಡ ಕಣ್ರಪ್ಪ, ಬೇರೆ ಯಾರ್ನಾದ್ರೂ ನೋಡ್ಕೊತೀನಿ. ಇನ್ನೊಬ್ರ ಸಾಮಾನಿಗೆ ತನ್ ಹೆಸರು ಹಾಕ್ಕೊಳ್ಳೋನ್ನ ಎಂಗೆ ನಂಬೋದು?”